ಪಂಚರ ಕೈಯಲ್ಲಿ ಎಲೆ

ಮೊನ್ನೆ ಬೆಳಿಗ್ಗೆ ನನ್ನ ಹೆಂಡತಿ ಕಮಲಾ ಕನ್ನಡಿಯ ಮುಂದೆ ನಿಂತು ಪೌಡರ್ ಡಬ್ಬಿಯ ಮುಚ್ಚಳ ತಿರುಗಿಸಿದಳು. ನಾನು ಪಕ್ಕದಲ್ಲಿ ಪೇಪರ್ ಹಿಡಿದು ಕೂತಿದ್ದೆ. ವಾಸನೆ ಮೂಗಿಗೆ ಬಂದದ್ದೇ ತಡ, ನನ್ನ ಬಲಗೈ ತಾನಾಗಿಯೇ ಅಂಗೈ ಮೇಲೆ ಮಾಡಿಕೊಂಡು ಅವಳ ಕಡೆ ಚಾಚಿತು.

"ಏನ್ರಿ ಅದು? ಇದು ಮುಖಕ್ಕ ಹಚ್ಚೂದು, ಪ್ರಸಾದ ಅಲ್ಲ" ಎಂದಳು.

ಕೈ ಹಿಂದಕ್ಕೆ ಎಳೆದುಕೊಂಡೆ. ಆದರೆ ಕೈಯನ್ನು ಬೈದು ಪ್ರಯೋಜನವಿಲ್ಲ. ಎಲ್ಲರಿಗೂ ಆ ವಾಸನೆಯೆಂದರೆ ಅಲಂಕಾರ, ನನಗೆ ಇಸ್ಪೀಟು. ನೀವು ಎಲೆ ಆಡುವವರಾದರೆ ಬಲ್ಲಿರಿ, ಪ್ಲಾಸ್ಟಿಕ್ಕಿನ ಎಲೆಗಳು ಹಳತಾದರೆ, ಅದರಲ್ಲೂ ಹೈದರಾಬಾದಿನ ಬೇಸಿಗೆಯಲ್ಲಿ ಬೆವರಿದ ಕೈಗಳಿಗೆ ಸಿಕ್ಕರೆ, ಜಗಳವಾಡಿ ರಾಜಿಯಾದ ಅಕ್ಕತಂಗಿಯರ ಹಾಗೆ ಒಂದಕ್ಕೊಂದು ಅಂಟಿ ಕೂತುಬಿಡುತ್ತವೆ. ಆಟಕ್ಕೆ ಮುಂಚೆ ಒಂದು ಚಿಟಿಕೆ ಪೌಡರ್ ಉದುರಿಸಿ ಕಲಸಿದರೆ ಮತ್ತೆ ಸರಸರನೆ ಜಾರುತ್ತವೆ. ಇಲ್ಲಿಯ ನಮ್ಮ ಕನ್ನಡದ ಸಂಘದಲ್ಲಿ ಪ್ರತಿ ಬೇಸಿಗೆಗೆ ನಡೆಯುವ ಇಸ್ಪೀಟು ಟೂರ್ನಮೆಂಟಿನಲ್ಲಿ ಈ ಪೌಡರ್ ಸೇವೆ ಪಂಚರದು. ಪಂಚರೆಂದರೆ ಆಟಗಾರರ ಬೆನ್ನ ಹಿಂದೆ ನಿಂತು, ತಪ್ಪು ಕಂಡರೆ ಕೈ ಎತ್ತಿ ತೀರ್ಪು ಹೇಳುವವರು. ಆ ಪಂಚ ನಾನು.

ನಾನು ಪಂಚನಾದ ಕಥೆ ದೊಡ್ಡದೇನಲ್ಲ. ಉಪ್ಪಲ್‌ನಲ್ಲಿ, ಮೆಟ್ರೊ ಕಂಬಗಳ ಸಾಲಿನ ಹಿಂದೆ, ನನ್ನದೊಂದು ಸೀಟು ಕವರಿನ ಅಂಗಡಿ ಇದೆ. ಆಟೊ, ಕಾರು, ಸೋಫಾ, ಏನು ತಂದರೂ ಹೊಲಿದು ಕೊಡುತ್ತೇನೆ, ಎಲ್ಲರೂ ಕರೆಯುವುದು ಉಸ್ತಾದ್ ಎಂದು. ಏಳನೇ ಇಯತ್ತೆಗೆ ಶಾಲೆ ಬಿಟ್ಟು ದಬ್ಬಣ ಹಿಡಿದವನು, ಇವತ್ತಿನವರೆಗೆ ನನ್ನ ಹೊಲಿಗೆ ಬಿಚ್ಚಿತೆಂದು ಒಬ್ಬ ಗಿರಾಕಿ ವಾಪಸು ಬಂದಿಲ್ಲ. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ, ನಿಮಗೂ ಹೇಳಿದೆ. ಸಂಘದ ಹಾಲಿನ ಕುರ್ಚಿಗಳಿಗೆ ರೆಕ್ಸಿನ್ ಹಾಕಲು ಹೋಗಿದ್ದ ದಿನ ಅಲ್ಲಿ ಟೂರ್ನಮೆಂಟು ನಡೆದಿತ್ತು. ಒಬ್ಬ ವಕೀಲರೂ ಒಬ್ಬ ಇಂಜಿನಿಯರರೂ ಒಂದು ಎಲೆಯ ಸಲುವಾಗಿ ಕೋರ್ಟು ಕಟ್ಟಡ ಎರಡೂ ಬೀಳುವಂತೆ ಕೂಗಾಡುತ್ತಿದ್ದರು. ನನಗೆ ಮೊಳೆ ಹೊಡೆಯಲು ಆಗಲಿಲ್ಲ. ಹೊಲಿಗೆ ಮಷೀನಿನ ಸದ್ದಿನ ಮೇಲೆ ಮಾತಾಡಿ ಬೆಳೆದ ಗಂಟಲು ನನ್ನದು. ಎದ್ದು ನಿಂತು ಕೈ ಎತ್ತಿ, "ತಡೀರಿ!" ಎಂದೆ. ಇಡೀ ಹಾಲು ತಡೆಯಿತು. ಮುಂದಿನ ವರ್ಷದಿಂದ ನನ್ನನ್ನು ಕರೆದು ಪಂಚನ ಬಿಲ್ಲೆ ಚುಚ್ಚಿದರು.

ಹೆಮ್ಮೆಯಾಯಿತೇ ಎಂದು ಕೇಳಬೇಡಿ. ಆಯಿತು. ಓದಿದವರೆಲ್ಲ ನನ್ನ ಕೈ ಏಳುವುದನ್ನು ನೋಡಿ ಗಪ್ಪಾಗುತ್ತಿದ್ದರೆ ಯಾರಿಗೆ ಬೇಡ? ಆದರೆ ಮಧ್ಯಾಹ್ನದ ಹೊತ್ತಿಗೆ ಹೊಟ್ಟೆಯಲ್ಲಿ ಬೇರೆಯೇ ಹಸಿವು ಶುರುವಾಗುತ್ತಿತ್ತು. ನಮ್ಮಲ್ಲಿ ಆಡುವುದು ಮೆಂಡಿಕೋಟ್. ನಾಲ್ಕು ಜನ, ಎದುರುಬದುರು ಕೂತವರು ಜೋಡಿ. ಹತ್ತರ ಎಲೆಗಳನ್ನು ಹೆಚ್ಚು ಹಿಡಿದವರು ಗೆದ್ದಂತೆ. ಸುತ್ತಿನಲ್ಲಿ ಮೊದಲು ಆಡಿದವನು ಇಳಿಸಿದ ಜಾತಿಯ ಎಲೆ ನಿಮ್ಮ ಕೈಯಲ್ಲಿದ್ದರೆ ಅದನ್ನೇ ಹಾಕಬೇಕು. ಇಲ್ಲದಾಗ ಮಾತ್ರ ಹುಕುಂ, ಅಂದರೆ ಆ ಆಟಕ್ಕೆ ಎಲ್ಲಕ್ಕೂ ಮೇಲೆಂದು ಗೊತ್ತುಮಾಡಿದ ಜಾತಿಯ ಎಲೆ, ಹಾಕಿ ಹೊಡೆಯಬಹುದು. ಇಟ್ಟುಕೊಂಡೇ ಹೊಡೆದರೆ ಆ ಆಟ ಸೋತಂತೆ. ಈಗ ನೀವೇ ಯೋಚಿಸಿ. ಚಿಕ್ಕಂದಿನಿಂದ ಈ ಆಟಕ್ಕೆ ಪ್ರಾಣ ಬಿಡುವ ಮನುಷ್ಯ, ನಾಲ್ವರ ಎಲೆಗಳನ್ನೂ ನೋಡುತ್ತ ನಿಂತಿದ್ದಾನೆ. ಆಡುವವನು ಬಾದಶಾ ಇಳಿಸಿದರೆ ಗೆಲ್ಲುತ್ತಾನೆಂದು ಇವನಿಗೆ ಗೊತ್ತು. ಆ ಪುಣ್ಯಾತ್ಮ ಗುಲಾಮನನ್ನು ಇಳಿಸುತ್ತಾನೆ. ಇವನು ಹಲ್ಲು ಕಚ್ಚಿ ನಿಲ್ಲಬೇಕು. ಊರೆಲ್ಲ ತಿರುಗುವ ಬಸ್ಸಿನ ಕಂಡಕ್ಟರನಿಗೆ ಕಿಟಕಿಯ ಸೀಟು ಸಿಗದ ಹಾಗೆ. ನನಗಂತೂ ವರ್ಷವೆಲ್ಲ ಬೇರೆಯವರು ಕೂರುವ ಸೀಟು ಹೊಲಿಯುವುದು, ಟೂರ್ನಮೆಂಟಿನ ಭಾನುವಾರ ಅವರು ಕೂತದ್ದನ್ನು ನಿಂತು ನೋಡುವುದು.

ಜೊತೆಗೆ ಇನ್ನೊಬ್ಬರು ಪಂಚರಿದ್ದರು, ಸುಶೀಲಾಬಾಯಿ. ಕಲಬುರಗಿ ಕಡೆಯ ಮನೆತನ, ಕರೆಂಟ್ ಆಫೀಸಿನಲ್ಲಿ ದುಡಿದು ನಿವೃತ್ತರಾದವರು. ಬಾಯಿ ಅಂಥದ್ದು, ಅವರು ನಿಂತ ಟೇಬಲಿನಲ್ಲಿ ಕಳ್ಳಾಟವೂ ಪ್ರಾಮಾಣಿಕವಾಗಿ ನಡೆಯುತ್ತಿತ್ತು. ಟೂರ್ನಮೆಂಟು ಮುಗಿಸಿ ಮೆಟ್ರೊ ಸ್ಟೇಷನ್ನಿನವರೆಗೆ ನಾವಿಬ್ಬರೂ ನಡೆದುಹೋಗುವಾಗ ಅಂದಿನ ಆಟಗಳನ್ನೆಲ್ಲ ಮೊದಲಿನಿಂದ ಬಾಯಲ್ಲೇ ಆಡುತ್ತಿದ್ದೆವು.

"ಆ ಹುಡುಗ ಎಕ್ಕ ಯಾಕ ಇಟ್ಕೊಂಡು ಕುಂತಿದ್ದ ಹೇಳ್ರಿ ಉಸ್ತಾದರ? ಮದುವ್ಯಾಗ ಉಡುಗೊರೆ ಕೊಡಾಕ?"

"ನಾನಾಗಿದ್ರ ಮೊದಲನೇ ಸುತ್ತಿಗೇ ಇಳಸ್ತಿದ್ದೆ ಬಾಯಾರ."

"ನೀವಾಗಿದ್ರ, ನಾನಾಗಿದ್ರ! ಬಾಯಾಗ ಆಡಿ ಆಡಿ ಹಲ್ಲು ಸವದುವು. ಕೈಯಾಗ ಎಲಿ ಹಿಡಿಯೂದು ಯಾವಾಗ?"

ಈ ಪ್ರಶ್ನೆ ಎಲ್ಲ ವರ್ಷವೂ ಏಳುತ್ತಿತ್ತು, ಎಲ್ಲ ವರ್ಷವೂ ಒಂದು ಶಾಲು ಅದನ್ನು ಮುಚ್ಚುತ್ತಿತ್ತು. ಟೂರ್ನಮೆಂಟು ನಡೆಸುವವನು ರಘು, ಕೊಂಡಾಪುರದ ಕಂಪನಿಯಲ್ಲಿ ಕೆಲಸ, ಮೈಸೂರಿನ ಹುಡುಗ, ಮಾತು ಬೆಣ್ಣೆ. ನಾನು ಈ ಸಲ ಆಡುತ್ತೇನೆಂದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ, "ಸಾರ್, ನೀವು ನಿಂತ್ಕೊಂಡ್ರೇನೇ ಟೂರ್ನಮೆಂಟು ಸಾರ್, ನೀವು ಕೂತ್ಕೊಂಡ್ರೆ ಬರೀ ಜಗಳ" ಎಂದು ಹೆಗಲಿಗೆ ಶಾಲು ಹೊದಿಸಿಬಿಡುತ್ತಿದ್ದ. ನಾನು ಕರಗುತ್ತಿದ್ದೆ. ಶಾಲು ಮನೆಗೆ ತಂದರೆ ಕಮಲಾ ಬೀರುವಿನಲ್ಲಿ ಜಾಗ ಹುಡುಕುತ್ತಿದ್ದಳು. "ಇವನ್ನೆಲ್ಲಾ ಕೂಡಿಸಿ ನಮ್ಮ ಸೋಫಾಕ್ಕೊಂದು ಕವರರೆ ಹೊಲೀರಿ. ಊರ ಮಂದಿಗೆಲ್ಲಾ ಹೊಲದು ನಮ್ಮದು ಹರದು ಕುಂತೈತಿ."

ಕೊನೆಗೆ ದಾರಿ ಕಂಡುಹಿಡಿದದ್ದು ಸುಶೀಲಾಬಾಯಿಯೇ. ಒಂದು ವರ್ಷ, ಹೆಸರು ಬರೆಸುವ ದಿನ, ಅವರು ಶಾಲು ಹೊದಿಸಲು ಬಂದ ರಘುವಿನ ಕೈ ಹಿಡಿದು ನಿಲ್ಲಿಸಿದರು. "ಹೊಸ ಕಾಯ್ದೆ ಬರ್ಕೋ ತಮ್ಮಾ. ಮೊದಲನೇ ಸುತ್ತಿನ್ಯಾಗ ಎಲ್ಲಾರಿಗಿಂತ ಮೊದಲು ಯಾವ ಜೋಡಿ ಸೋಲ್ತೈತಿ, ಅವರು ಉಳದ ದಿನಕ್ಕ ಪಂಚರು. ಅಲ್ಲೀತನಕ ನೀನ ಪಂಚ. ನಾನೂ ಉಸ್ತಾದರೂ ಜೋಡಿ, ಹೆಸರು ಹಚ್ಚು."

ರಘು ನನ್ನ ಮುಖ ನೋಡಿದ. ನಾನು ಮೇಲೆ ತಿರುಗುವ ಫ್ಯಾನು ನೋಡಿದೆ. ಹೆಸರು ಹಚ್ಚಿದ.

ಟೂರ್ನಮೆಂಟಿನ ಭಾನುವಾರ ನಾನು ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ. ಹೊರಡುವಾಗ ಕಮಲಾ ಎಂದಿನಂತೆ ಪೌಡರ್ ಡಬ್ಬಿ ಕೈಗೆ ಕೊಡಲು ಬಂದಳು. "ಇವತ್ತ ನಾನು ಆಟಗಾರ" ಎಂದು ಎದೆ ಉಬ್ಬಿಸಿ ಡಬ್ಬಿ ಬಿಟ್ಟು ಹೋದೆ. ಸುಶೀಲಾಬಾಯಿಯೂ ತಮ್ಮದನ್ನು ಹಾಗೆಯೇ ಬಿಟ್ಟು ಬಂದಿದ್ದರು. ಪೌಡರ್ ಪಂಚರ ಕೆಲಸ, ನಾವು ಯಾಕೆ ತರಬೇಕು? ಪಂಚನಾದ ರಘುವಿಗೋ ಅಂಥದೊಂದು ಕೆಲಸ ಇದೆಯೆಂದೇ ಗೊತ್ತಿರಲಿಲ್ಲ; ಅವನು ಒಂದು ಕಣ್ಣು ಟೇಬಲಿನ ಮೇಲೆ, ಒಂದು ಕಣ್ಣು ಫೋನಿನ ಮೇಲೆ ಇಟ್ಟುಕೊಂಡು ನಿಂತಿದ್ದ.

ನಮ್ಮ ಎದುರಾಳಿ ಶರಣಪ್ಪ. ಪಟಾನ್‌ಚೆರುವಿನ ಔಷಧದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ನೇರ ಬಸ್ಸು ಹಿಡಿದು ಬಂದಿದ್ದ, ಜೊತೆಗೆ ಅಲ್ಲಿಯದೇ ಒಬ್ಬ ಗೆಳೆಯ. "ಪಂಚರು ಕುಂತಾರಪಾ ಇವತ್ತ! ಕುರ್ಚಿ ಹ್ಯಾಂಗೈತ್ರಿ ಉಸ್ತಾದರ, ಮೆತ್ತಗೈತೇನು?" ಎಂದು ನಕ್ಕ. ಮೆತ್ತಗೇ ಇತ್ತು. ನಾನೇ ಹೊಲಿದದ್ದು.

ಆಟ ಒಳ್ಳೆಯದಾಗಿ ನಡೆಯಿತು. ಹುಕುಂ ಆಟೀನ್. ಹತ್ತರ ಎಲೆಗಳಲ್ಲಿ ಎರಡು ನಮ್ಮ ಕಡೆ ಬಂದವು, ಒಂದು ಅವರ ಕಡೆ ಹೋಯಿತು. ಉಳಿದದ್ದು ಡೈಮನ್ ಹತ್ತು ಮಾತ್ರ. ಅದು ಸಿಕ್ಕರೆ ನಾವು ಗೆದ್ದಂತೆ, ಆ ದಿನವೆಲ್ಲ ಆಟಗಾರರಂತೆ. ಶರಣಪ್ಪ ಡೈಮನ್ ಬಾದಶಾ ಇಳಿಸಿದ. ನಾನು ಒಂದು ಸಣ್ಣ ಡೈಮನ್ ಹಾಕಿದೆ. ಅವನ ಗೆಳೆಯ ನಂಬಿಕೆಯಿಂದ ಬಾದಶಾನ ಮೇಲೆ ಹತ್ತನ್ನು ಇಟ್ಟ. ಕೊನೆಯವರು ಸುಶೀಲಾಬಾಯಿ. ಎಲೆಗಳ ಮೇಲೆ ಒಮ್ಮೆ ಬೆರಳಾಡಿಸಿದರು. ಆಮೇಲೆ, ವರ್ಷಗಟ್ಟಲೆ ಕಾದಿಟ್ಟ ಖುಷಿಯನ್ನೆಲ್ಲ ಕೈಗೆ ತಂದುಕೊಂಡು, ಆಟೀನಿನ ಎರಡರ ಎಲೆಯನ್ನು ಫಟ್ಟನೆ ಬಡಿದರು.

"ಬಾ ನಮ್ಮಪ್ಪಾ ಮನಿಗೆ!" ಎಂದು ಹತ್ತನ್ನು ಬಾಚಿಕೊಳ್ಳಲು ಮುಂದಕ್ಕೆ ಬಾಗಿದರು. ಬಾಗಿದಾಗ ಎಡಗೈಯ ಎಲೆಗಳು ನನ್ನ ಕಡೆ ಓರೆಯಾದವು. ಒಂದು ಆಟೀನಿನ ಬೆನ್ನಿಗೆ, ಬೆವರಿಗೆ ಅಂಟಿಕೊಂಡು, ಅಂಚು ಚೂರೇ ಚೂರು ಹೊರಗೆ ಹಾಕಿ, ಡೈಮನ್ ಮೂರು ಇತ್ತು.

ಶರಣಪ್ಪ ನೋಡಿರಲಿಲ್ಲ. ಅವನ ಗೆಳೆಯ ನೋಡಿರಲಿಲ್ಲ. ರಘು ಫೋನಿನಲ್ಲಿದ್ದ. ಸುಶೀಲಾಬಾಯಿಗೇ ಗೊತ್ತಿರಲಿಲ್ಲ. ನೋಡಿದವನು ನಾನೊಬ್ಬ. ಏನು ಮಾಡಬೇಕೆಂದು ಯೋಚಿಸಿದೆನೆಂದು ಬರೆದರೆ ಸುಳ್ಳಾದೀತು. ಯೋಚನೆಗೆ ಪುರಸತ್ತೇ ಸಿಗಲಿಲ್ಲ. ನನ್ನ ಬಲಗೈ ಆಗಲೇ ಮೇಲಿತ್ತು, ಗಂಟಲು ಆಗಲೇ ಕೂಗಿತ್ತು.

"ತಡೀರಿ!"

ಇಡೀ ಹಾಲು ತಡೆಯಿತು. ಪಕ್ಕದ ಟೇಬಲುಗಳವರೂ ಎಲೆ ಕೆಳಗಿಟ್ಟರು. ಸುಶೀಲಾಬಾಯಿ ಮೆಲ್ಲಗೆ ಉಗುರಿನಿಂದ ಎರಡು ಎಲೆಗಳನ್ನು ಬಿಡಿಸಿದರು. ಮೂರು ಕೆಂಪು ಡೈಮನ್ನುಗಳು ಎಲ್ಲರ ಮುಂದೆ ಕಣ್ಣು ಬಿಟ್ಟವು.

"ಅಲ್ರೀ," ಎಂದರು ಅವರು, "ಎದುರಿನವರು ಸುಮ್ಮ ಅದಾರ, ಪಂಚ ಫೋನಿನ್ಯಾಗ ಅದಾನ. ನೀವು ಯಾರ ಪಾರ್ಟಿಯವ್ರರೀ?"

"ಕೈ ತಾನ ಎದ್ದತ್ರಿ ಬಾಯಾರ."

"ಸೂಜಿ ದಾರ ಮನ್ಯಾಗ ಅದಾವಲ್ಲ, ಆ ಕೈಯನ್ನ ಅಂಗಿಗೆ ಹೊಲಕೊಂಡು ಬಿಡ್ರಿ!"

ಮೊದಲು ನಕ್ಕವನು ಶರಣಪ್ಪ. ಆಮೇಲೆ ಹಾಲೆಲ್ಲ ನಕ್ಕಿತು. ಸುಶೀಲಾಬಾಯಿ ಮಾತ್ರ ಆ ಮೂರರ ಎಲೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಅಷ್ಟು ವರ್ಷ ನನ್ನ ಪಕ್ಕದಲ್ಲಿ ನಿಂತು ಇದೊಂದು ದಿನಕ್ಕೆ ಕಾದ ಹೆಂಗಸು ಅವರು. ಕಡೆಗೆ ಎಲೆಯನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. "ಪೌಡರೇ ಹಚ್ಚಿಲ್ಲಲ್ಲರೀ ಇದಕ್ಕ" ಎಂದರು. ನಾನು ಅವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಆಗ ಅವರಿಗೂ ನಗು ತಡೆಯಲಾಗಲಿಲ್ಲ. ಎಲ್ಲರಿಗಿಂತ ಮೊದಲು ಸೋತ ಜೋಡಿ ನಾವೇ. ಅವರೇ ಮಾಡಿಸಿದ ಕಾಯ್ದೆ. ರಘು ದೇವರಿಗೆ ಕೈಮುಗಿದವನ ಹಾಗೆ ಬಂದು ಎರಡೂ ಬಿಲ್ಲೆಗಳನ್ನು ನಮ್ಮ ಎದೆಗೆ ಚುಚ್ಚಿದ. ಸುಶೀಲಾಬಾಯಿ ಅವನನ್ನು ಅಂಗಡಿಗೆ ಅಟ್ಟಿ ಪೌಡರ್ ತರಿಸಿದರು.

ಊಟದ ಹೊತ್ತಿಗೆ ಶರಣಪ್ಪ ತಟ್ಟೆ ಹಿಡಿದುಕೊಂಡೇ ಬಂದ. "ಲೆಕ್ಕಕ್ಕಿಲ್ಲದ್ದು ಒಂದಾಟ ಹಾಕೂಣ ಬರ್ರಿ. ಈಗ ನಾವು ಪಂಚರು, ನೀವು ಕುಂಡ್ರಿ." ಯಾರೋ ಇಬ್ಬರು ಎದುರು ಕೂತರು. ಉಳಿದವರೆಲ್ಲ ಸುತ್ತ ನಿಂತರು, ನಾನು ಎಲೆ ಮುಟ್ಟಿದಾಗಲೆಲ್ಲ ನನ್ನದೇ ದನಿಯಲ್ಲಿ "ತಡೀರಿ!" ಎಂದು ಕೂಗುವುದಕ್ಕೆ. ಸುಶೀಲಾಬಾಯಿ ಹುಲಿಯಂತೆ ಆಡಿದರು. ಆ ದಿನದಿಂದ ಊಟದ ಹೊತ್ತಿನ ಒಂದು ಟೇಬಲು ಪಂಚರದು ಎಂದು ರೂಢಿಯೇ ಆಗಿಹೋಗಿದೆ.

ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು, ಅಲ್ಲಿ ನನಗೆ ಆಡಲು ಬರಲಿಲ್ಲ. ಮುಂದಿನ ವರ್ಷಗಳಲ್ಲೂ ಬರಲಿಲ್ಲ. ಎಲೆ ನನ್ನ ಕೈಯಲ್ಲಿ, ಕಣ್ಣು ಉಳಿದವರ ಕೈಗಳಲ್ಲಿ. ಇವನು ಸರಿಯಾಗಿ ಹಾಕಿದನೇ, ಅವನು ಬಚ್ಚಿಟ್ಟನೇ ಎಂದು ಕಾಯುತ್ತ ನನ್ನ ಸರದಿ ಮರೆಯುತ್ತಿದ್ದೆ. "ಉಸ್ತಾದರ, ನಿಮ್ಮ ಎಲಿ ನಿಮಗ ಕೊಟ್ಟಾರ, ಅದನ್ನ ನೋಡ್ರಿ" ಎಂದು ಸುಶೀಲಾಬಾಯಿ ಬೈಯುತ್ತಿದ್ದರು. ಕುರ್ಚಿ ಸಿಕ್ಕಿತು, ಕೂರುವುದು ಬರಲಿಲ್ಲ.

ಮೊನ್ನೆ ಪೌಡರಿಗೆ ಕೈ ಚಾಚಿ ಬೈಸಿಕೊಂಡ ಮೇಲೆ ಇದೆಲ್ಲ ನೆನಪಾಗಿ ನಾನೊಬ್ಬನೇ ನಗುತ್ತಿದ್ದೆ. ಕಮಲಾ ಕೇಳಿದಳು, ಹೇಳಿದೆ. "ಅವರ ಜೋಡಿ ಯಾಕ, ಮನ್ಯಾಗೂ ನೀವು ಪಂಚರೇ. ಸಾರಿಗೆ ಉಪ್ಪು ಹೆಚ್ಚು, ಚಾದಾಗ ಸಕ್ರಿ ಕಡಿಮಿ. ಒಂದು ದಿನರೆ ನನ್ನ ಕೂಡ ಆಟಕ್ಕ ಕುಂತೀರೇನು?"

ಅಂಗಡಿಗೆ ಹೊತ್ತಾಗಿತ್ತು. ಗಿರಾಕಿಯೊಬ್ಬ ಫೋನಿನಲ್ಲಿ "ಉಸ್ತಾದ್, ಅಯ್ಯಿಂದಾ?" ಎನ್ನುತ್ತ ಸೀಟು ಆಯಿತೇ ಎಂದು ತೆಲುಗಿನಲ್ಲಿ ಕೇಳುತ್ತಿದ್ದ. ಮಧ್ಯಾಹ್ನ ಬಾ ಎಂದು ಹೇಳಿ ಎಲೆಗಳ ಡಬ್ಬಿ ತೆಗೆದೆ. ಪೌಡರ್ ಉದುರಿಸಿದೆ. ಇಬ್ಬರೇ ಕೂತರೆ ಮೆಂಡಿಕೋಟ್ ಆಗುವುದಿಲ್ಲ, ಕತ್ತೆ ಆಡಿದೆವು. ಇಳಿಸಿದ ಜಾತಿ ನಿಮ್ಮಲ್ಲಿಲ್ಲದಿದ್ದರೆ ಬೇರೆ ಜಾತಿಯ ಎಲೆ ಹಾಕಿ ಎದುರಿನವರ ತಲೆಗೆ ಎಲ್ಲ ಕಟ್ಟುವುದು, ಇಬ್ಬರೂ ಅದೇ ಜಾತಿ ಹಾಕಿದರೆ ಆ ಎಲೆಗಳು ಆಟದಿಂದ ಹೊರಗೆ, ಕೊನೆಗೆ ಕೈಯಲ್ಲಿ ಎಲೆ ಉಳಿದವರು ಕತ್ತೆ. ಕಮಲಾ ತವರಿನಲ್ಲಿ ಕಲಿತದ್ದು ಒಂದೂ ಮರೆತಿರಲಿಲ್ಲ. ಒಂದಾದ ಮೇಲೊಂದು ನನ್ನ ತಲೆಗೇ ಕಟ್ಟಿದಳು. ನನಗೆ ಹಟ ಬಂತು. ಫೋನು ಮತ್ತೆ ಬಡಿದುಕೊಂಡಿತು, ಎತ್ತಲಿಲ್ಲ. ಅವಳು ಆಟೀನ್ ಎಕ್ಕ ಇಳಿಸಿದಳು. ನಾನು ಕಳಾವರ್ ಎತ್ತಿ ಫಟ್ಟನೆ ಬಡಿದು, "ತೊಗೋ!" ಎಂದೆ.

"ತಡೀರಿ."

ಅವಳ ಕೈ ಮೇಲಿತ್ತು.

"ಆಟೀನ್ ರಾಣಿ ನನ್ನ ಹತ್ರ ಇಲ್ಲ, ಆಡಿ ಹೊರಗೂ ಹೋಗಿಲ್ಲ. ಇರೂದು ಇಬ್ಬರ. ಮತ್ತ ಎಲ್ಲಿ ಹೋದ್ಲ್ರಿ ಆಕಿ?"

ಕೈಯೊಳಗೆ ನೋಡಿಕೊಂಡೆ. ನಟ್ಟನಡುವೆ, ಯಾರ ಬೆನ್ನಿಗೂ ಅಂಟದೆ, ರಾಣಿ ನನ್ನನ್ನೇ ನೋಡುತ್ತ ಕೂತಿದ್ದಳು.

"ಅಂಟಿಕೊಂಡಿತ್ತು ಅಂತ ಮಾತ್ರ ಹೇಳಬ್ಯಾಡ್ರಿ" ಎಂದಳು ಕಮಲಾ. "ಪೌಡರ್ ನೀವ ಹಾಕೀರಿ."

ಆಟದ ಹುರುಪಿನಲ್ಲಿ ನನಗೆ ಕಾಣಲೇ ಇಲ್ಲ. ಊರವರ ಎಲೆಗಳನ್ನೆಲ್ಲ ಕಂಡ ಕಣ್ಣಿಗೆ ನನ್ನ ಕೈಯ ರಾಣಿ ಕಾಣಲಿಲ್ಲ. ತಪ್ಪಿಗೆ ದಂಡವೆಂದು, ಅದುವರೆಗೆ ಹೊರಗೆ ಬಿದ್ದ ಎಲೆಗಳನ್ನೆಲ್ಲ ನಾನೇ ಎತ್ತಿಕೊಂಡೆ. ಹಿಡಿಯಲು ಒಂದು ಕೈ ಸಾಲದೆ ಎರಡೂ ಕೈ ಬೇಕಾದವು.

"ಈಗ ನೀವ ಕತ್ತಿ" ಎಂದಳು ಕಮಲಾ, ಖುಷಿಯಿಂದ.

"ಹೂಂ" ಎಂದೆ. "ಇನ್ನೊಂದಾಟ ಹಂಚು."