ನಿಲ್ಲಿಸುವುದಕ್ಕೆಂದೇ ಓಡುವ ಯಂತ್ರ

ನನ್ನ ಸೋದರಮಾವನನ್ನು ಬಂದರಿನಲ್ಲಿ ಎಲ್ಲರೂ ಮಾವ ಎಂದೇ ಕರೆಯುತ್ತಾರೆ. ತಪ್ಪು ನನ್ನದು. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವರು ಅವನು ಮತ್ತು ಅತ್ತೆ. ಶಾಲೆ ಬಿಟ್ಟೊಡನೆ ಅವನು ಕೆಲಸಕ್ಕಿದ್ದ ಐಸ್ ಪ್ಲಾಂಟಿಗೆ ಓಡಿ ಬಾಗಿಲಿನಿಂದಲೇ ‘ಮಾವಾ’ ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದೆ. ಕೇಳಿ ಕೇಳಿ ದೋಣಿಯವರೂ ಮೀನು ಹೊರುವವರೂ ಹಾಗೇ ಕರೆಯತೊಡಗಿದರು. ಈಗ ಅವನಿಗಿಂತ ಹಿರಿಯರಿಗೂ ಅವನು ಮಾವನೇ.

ಪ್ಲಾಂಟೆಂದರೆ ದೊಡ್ಡದೇನಲ್ಲ. ತಗಡಿನ ಮಾಡು, ಒಣಗಿದ್ದೇ ಕಾಣದ ನೆಲ, ಮೂಗಿಗೆ ಹೊಡೆಯುವ ಅಮೋನಿಯಾ ವಾಸನೆ, ಮೂಲೆಯಲ್ಲೊಂದು ಕಂಪ್ರೆಸರು. ನೆಲದಡಿ ಉಪ್ಪುನೀರಿನ ತೊಟ್ಟಿ, ಅದರೊಳಗೆ ಸಾಲಾಗಿ ಇಳಿಬಿಟ್ಟ ಕ್ಯಾನುಗಳು. ಕ್ಯಾನಿನ ನೀರು ಅಂಚಿನಿಂದ ಒಳಕ್ಕೆ ನಿಧಾನವಾಗಿ ಗಟ್ಟಿಯಾಗುತ್ತಾ ಬರುತ್ತದೆ, ನಡುವಿನ ಹೊಟ್ಟೆ ಕಟ್ಟುವುದು ಕಟ್ಟಕಡೆಗೆ. ಅಷ್ಟರಲ್ಲಿ ಯಂತ್ರ ನಿಂತುಹೋದರೆ ಹೊರಗಿನಿಂದ ಲಕ್ಷಣವಾದ ಗಡ್ಡೆ, ಒಳಗೆ ಬರೀ ನೀರು. ಮಾವ ಅದನ್ನು ಪೊಳ್ಳು ಎನ್ನುತ್ತಾನೆ. ಪೊಳ್ಳು ಗಡ್ಡೆ ದೋಣಿ ಹತ್ತಿದರೆ ದಡ ಸೇರುವ ಮೊದಲೇ ಮೀನು ಕೊಳೆಯುತ್ತದೆ. ತನ್ನ ಬಾಗಿಲಿನಿಂದ ಪೊಳ್ಳು ಆಚೆ ಹೋಗಬಾರದು ಎನ್ನುವುದೊಂದೇ ಅವನ ಹಠ. ಮರದ ಹಿಡಿಯಿಂದ ಪ್ರತಿ ಗಡ್ಡೆಯನ್ನೂ ತಟ್ಟಿ, ಕಿವಿಗೊಟ್ಟು, ಆಮೇಲೆ ಬಿಡುತ್ತಿದ್ದ. ಅತ್ತೆ ಮದುವೆಗೆ ಒಪ್ಪಿದಾಗಲೂ ಹೀಗೇ ತಟ್ಟಿ ನೋಡಿದ್ದನೇನೋ ಎಂದು ನಾವು ರೇಗಿಸುತ್ತಿದ್ದೆವು.

ಆ ಐಸಿನ ಸಂಬಳದಲ್ಲೇ ನಾನು ಓದಿದೆ. ಓದಿ ಎಲ್ಲಿಗೆ ಹೋಗಿ ಕುಳಿತೆ ನೋಡಿ: ವಿದ್ಯುತ್ ಜಾಲದ ಕಂಟ್ರೋಲ್ ರೂಮಿಗೆ. ಊರೂರಿಗೆ ಎಷ್ಟು ಕರೆಂಟು ಬೇಕು, ಎಲ್ಲೆಲ್ಲಿಂದ ಎಷ್ಟು ಬರುತ್ತದೆ ಎಂದು ಗೋಡೆಯಗಲದ ಪರದೆ ನೋಡುತ್ತಾ ಎರಡನ್ನೂ ಸರಿತೂಗಿಸುವುದು ನನ್ನ ಕೆಲಸ. ಬೇಸಿಗೆಯ ಸಂಜೆ ಎಲ್ಲ ಮನೆಗಳ ಏಸಿ ಒಟ್ಟಿಗೇ ಶುರುವಾದಾಗ ನಮಗೆ ಜೀವ ಬಾಯಿಗೆ ಬರುತ್ತದೆ. ಮೊದಲಾದರೆ ಇನ್ನೊಂದು ವಿದ್ಯುತ್ ಕೇಂದ್ರ ಹೊತ್ತಿಸುತ್ತಿದ್ದೆವು. ಈಗ ಹೊಸ ಏರ್ಪಾಟು ಬಂದಿದೆ. ಉತ್ಪಾದಿಸಿದ ಕರೆಂಟಿನ ಹಾಗೆಯೇ ಬಳಸದೆ ಬಿಟ್ಟ ಕರೆಂಟನ್ನೂ ಮಾರುಕಟ್ಟೆಯಲ್ಲಿ ಮಾರಬಹುದು. ಒಂದು ಕಂಪನಿ ಐಸ್ ಪ್ಲಾಂಟು, ಹಿಟ್ಟಿನ ಗಿರಣಿ, ಕೋಲ್ಡ್ ಸ್ಟೋರೇಜುಗಳನ್ನೆಲ್ಲ ಒಂದು ಕಟ್ಟು ಮಾಡಿ, ‘ನೀವು ಹೇಳಿದಾಗ ಬಳಕೆ ಇಷ್ಟು ಇಳಿಸುತ್ತೇವೆ’ ಎಂದು ಬೆಲೆ ಕೂಗುತ್ತದೆ. ಅಗ್ಗವಾದರೆ ನಾವು ಕೊಳ್ಳುತ್ತೇವೆ. ನನ್ನ ಪರದೆಯಲ್ಲಿ ಅದು ಒಂದೇ ಒಂದು ಸಾಲು. ಒತ್ತಿದರೆ ಇಳಿಯುತ್ತದೆ. ಒಳ್ಳೆಯ ಏರ್ಪಾಟೇ, ಸುಳ್ಳು ಹೇಳುವುದಿಲ್ಲ. ಹೊಗೆಯಿಲ್ಲ, ಕಲ್ಲಿದ್ದಲಿಲ್ಲ. ಆ ಸಾಲಿನೊಳಗೆ ಮಾವನ ಕಂಪ್ರೆಸರೂ ಸೇರಿತು ಎಂದು ತಿಳಿದ ದಿನ ನಾನೇ ಹಿಗ್ಗಿದ್ದೆ.

ಮೊದಲ ಬೇಸಿಗೆ ಚೆನ್ನಾಗಿಯೇ ಹೋಯಿತು. ಅಪರೂಪಕ್ಕೊಮ್ಮೆ ಕಂಪನಿಯಿಂದ ಫೋನು ಬರುತ್ತಿತ್ತು, ಮಾವ ಯಂತ್ರ ನಿಲ್ಲಿಸುತ್ತಿದ್ದ, ತೊಟ್ಟಿಯ ತಂಪು ಅಷ್ಟು ಹೊತ್ತು ತಡೆದುಕೊಳ್ಳುತ್ತಿತ್ತು. ಅತ್ತೆಯ ಹತ್ತಿರ ‘ನಿನ್ನ ಸೊಸೆ ಇವತ್ತು ನನ್ನನ್ನ ಸುಮ್ಮನೆ ಕೂರಿಸಿದಳು’ ಎಂದು ಹೇಳಿಕೊಂಡು ನಗುತ್ತಿದ್ದ.

ಎಡವಟ್ಟಾದದ್ದು ಎರಡನೇ ಬೇಸಿಗೆಯಲ್ಲಿ. ಬೆಳಿಗ್ಗೆಯೇ ಬಿಸಿಲು ಸುಡುತ್ತಿದ್ದ ಒಂದು ದಿನ, ಟೀ ಕುಡಿಯುತ್ತಾ, ಇವತ್ತು ಸಂಜೆ ನಮ್ಮ ಕಥೆ ಮುಗಿಯಿತು, ಕರೆಂಟು ಸಾಲುವುದಿಲ್ಲ ಎಂದು ಬಾಯಿ ಬಿಟ್ಟೆ. ಮಾವ ಅದನ್ನು ಕಿವಿಗೆ ಹಾಕಿಕೊಂಡ. ಮಧ್ಯಾಹ್ನವೇ ಹೋಗಿ ಕಂಪ್ರೆಸರು ನಿಲ್ಲಿಸಿಬಿಟ್ಟ. ಸಂಜೆ ನಾನು ಸಾಲು ಒತ್ತಿದೆ. ಮಾವನ ಪ್ಲಾಂಟಿನ ಮೀಟರು ಇಳಿಯಲಿಲ್ಲ. ನಿಂತಿರುವುದು ಇನ್ನೆಲ್ಲಿ ಇಳಿಯಬೇಕು? ನಾವು ಹೇಳುವ ಮುಂಚೆ ಪ್ಲಾಂಟು ಎಷ್ಟು ಎಳೆಯುತ್ತಿತ್ತೋ ಅದಕ್ಕಿಂತ ಎಷ್ಟು ಇಳಿಯಿತು ಎಂಬುದೇ ಲೆಕ್ಕ. ಕಂಪನಿ ಮಾತಿಗೆ ತಪ್ಪಿದಂತಾಯಿತು, ದಂಡ ಬಿತ್ತು. ಪ್ಲಾಂಟಿನ ಸಾಹುಕಾರರು ಮಾವನನ್ನು ಎಲ್ಲರೆದುರು ನಿಲ್ಲಿಸಿ ಬೈದರು.

“ನಿನಗೆ ಸಹಾಯ ಆಗ್ಲಿ ಅಂತ ಮೊದಲೇ ನಿಲ್ಲಿಸಿದೆ ಕಣಮ್ಮ,” ಎಂದ ಮನೆಗೆ ಬಂದು. “ಕರೆಂಟು ಉಳೀಲಿಲ್ವಾ?”

“ಉಳೀತು ಮಾವ. ಆದ್ರೆ ಲೆಕ್ಕಕ್ಕೆ ಬರಲ್ಲ.”

“ಉಳಿದದ್ದು ಲೆಕ್ಕಕ್ಕೆ ಬರಲ್ವಾ?”

ನಾನು ನಿಯಮವನ್ನು ಬಿಡಿಸಿ ಹೇಳಿದೆ. ಹೇಳುತ್ತಾ ಹೋದಂತೆ ನನ್ನ ಮಾತು ನನಗೇ ಹಳಸಲು ಅನ್ನಿಸಿತು. ಅವನು ತಾಳ್ಮೆಯಿಂದ ಕೇಳಿಸಿಕೊಂಡು, ಅರ್ಥವಾದವನಂತೆ ತಲೆಯಾಡಿಸಿದ. ಅರ್ಥವಾಗಿರಲಿಲ್ಲ.

ಮಾರನೆಯ ವಾರ ಸ್ವಿಚ್ಚಿನ ಪೆಟ್ಟಿಗೆಗೆ ಬೀಗ ಬಿತ್ತು. ಕಂಪನಿಯವರು ತಂದು ಕೂರಿಸಿದ ಡಬ್ಬಿ ಎಲ್ಲಿಂದಲೋ ಬಂದ ಸಂಕೇತಕ್ಕೆ ಯಂತ್ರವನ್ನು ನಿಲ್ಲಿಸುತ್ತಿತ್ತು, ತನಗೆ ತೋಚಿದಾಗ ಓಡಿಸುತ್ತಿತ್ತು. ಬೆಲೆ ಚೆನ್ನಾಗಿದೆ ಎಂದು ಸಾಹುಕಾರರು ಇನ್ನಷ್ಟು ಹೊತ್ತು ನಿಲ್ಲಿಸುತ್ತೇವೆಂದು ಬರೆದುಕೊಟ್ಟರು. ಬೇಸಿಗೆ ಏರಿದಂತೆ ದಿನಾ ಸಂಜೆ, ಸರಿಯಾಗಿ ಗಡ್ಡೆ ಹೊಟ್ಟೆ ಕಟ್ಟುವ ವೇಳೆಗೆ, ಕಂಪ್ರೆಸರು ಗಪ್‌ಚುಪ್. ಮಾವ ಬೀಗದ ಮುಂದೆ ಕೈಕಟ್ಟಿ ನಿಂತಿರುತ್ತಿದ್ದ. ಪೊಳ್ಳುಗಳು ಹೆಚ್ಚಾದವು. ತಟ್ಟಿ ತಟ್ಟಿ ಪಕ್ಕಕ್ಕೆ ತಳ್ಳಿದ. ಕೊನೆಗೆ ದೋಣಿಯವರಿಗೆ ಕೊಡಲು ನಾಲ್ಕು ಗಡ್ಡೆಯೂ ಉಳಿಯದಂತಾಯಿತು. ಅವರಾದರೂ ಎಷ್ಟು ದಿನ ಕಾದಾರು? ‘ನಿನ್ನ ಮೇಲೆ ಬೇಜಾರಿಲ್ಲ ಮಾವ’ ಎಂದು ಒಬ್ಬೊಬ್ಬರಾಗಿ ಹೇಳಿ ಆಚೆ ದಡದ ಪ್ಲಾಂಟಿಗೆ ಹೋದರು. ಕಡೆಯ ದೋಣಿಯವನು ಹೇಳದೆಯೇ ಹೋದ.

ಇನ್ನು ಪ್ಲಾಂಟು ಮುಚ್ಚುತ್ತಾರೆ ಎಂದುಕೊಂಡೆವು. ಮುಚ್ಚಲಿಲ್ಲ. ನಿಲ್ಲಿಸಿದ್ದಕ್ಕೆ ಬೆಲೆ ಸಿಗಬೇಕಾದರೆ ಅದು ಮೊದಲು ಓಡುತ್ತಿರಬೇಕಲ್ಲ. ಕ್ಯಾನು ತುಂಬು, ಯಂತ್ರ ಓಡಲಿ, ಐಸು ಏನಾದರೂ ಆಗಲಿ ಎಂದರು ಸಾಹುಕಾರರು. ಮಾವ ಈಗಲೂ ಬೆಳಿಗ್ಗೆಯೇ ಹೋಗುತ್ತಾನೆ. ನೀರು ತುಂಬುತ್ತಾನೆ, ಗಡ್ಡೆ ಎತ್ತುತ್ತಾನೆ, ಅಂಗಳಕ್ಕೆ ಉರುಳಿಸುತ್ತಾನೆ. ಬಿಸಿಲಿಗೆ ಅದು ಕರಗಿ ಚರಂಡಿಗೆ ಹರಿಯುತ್ತದೆ. ಒಮ್ಮೆ ನೋಡಲು ಹೋಗಿದ್ದೆ. ಯಾರೂ ಕೊಳ್ಳದ ಗಡ್ಡೆಯನ್ನೂ ಅವನು ತಟ್ಟಿ, ಕಿವಿಗೊಟ್ಟು, ಪೊಳ್ಳನ್ನು ಬೇರೆ ಮಾಡಿ ಇಡುತ್ತಿದ್ದ. ನನಗೆ ಅಳು ಬಂತು, ಅವನಿಗೆ ಕಾಣದ ಹಾಗೆ ವಾಪಸು ಬಂದೆ.

ಇದು ಮೋಸವೆಂದು ನನಗೆ ಗೊತ್ತು. ಬೇಡದ ಕರೆಂಟನ್ನು ಎಳೆಯುವುದು, ಆಮೇಲೆ ಅದನ್ನೇ ಬಿಟ್ಟುಕೊಟ್ಟಂತೆ ನಟಿಸುವುದು. ಮೇಲಿನವರನ್ನು ಬಳಸುಮಾತಿನಲ್ಲಿ ಕೇಳಿದೆ. ಮೀಟರು ಇಳಿಯುತ್ತಿದೆಯಲ್ಲ, ನಿನಗೇನು ತೊಂದರೆ ಎಂದರು. ಹೆಸರು ಹಿಡಿದು ದೂರು ಕೊಟ್ಟರೆ ವಿಚಾರಣೆ ನಡೆಸಿ ಆ ಪ್ಲಾಂಟನ್ನು ಈ ಏರ್ಪಾಟಿನಿಂದ ಹೊರಗಿಡಬಹುದು ಎಂದೂ ಹೇಳಿದರು. ಹೊರಗಿಟ್ಟ ದಿನವೇ ಸಾಹುಕಾರರು ಬಾಗಿಲಿಗೆ ಬೀಗ ಜಡಿಯುತ್ತಾರೆ. ಈ ವಯಸ್ಸಿನಲ್ಲಿ ಮಾವನನ್ನು ಇನ್ನಾರು ಕೆಲಸಕ್ಕೆ ಕರೆಯುತ್ತಾರೆ? ಅತ್ತೆಗೆ ಎಲ್ಲವನ್ನೂ ಹೇಳಿದೆ. ಅವಳು ಮಡಿಸುತ್ತಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟಳು.

“ದೂರು ಕೊಡ್ಬೇಡ,” ಎಂದಳು. “ಮನೇಲಿ ಕೂತ್ರೆ ಅವರು ಉಳಿಯಲ್ಲ.”

ಹಾಗೆ ನನ್ನ ಬಾಯಿಗೂ ಬೀಗ ಬಿತ್ತು.

ಮೊನ್ನೆ ನಿಜವಾಗಿಯೂ ಉಸಿರುಗಟ್ಟುವ ಸಂಜೆ. ಒಂದು ದೊಡ್ಡ ಲೈನು ಕೈಕೊಟ್ಟಿತ್ತು. ಮಾರುಕಟ್ಟೆಯಲ್ಲಿ ಮಾವನ ಪ್ಲಾಂಟಿರುವ ಕಟ್ಟಿನ ಕೂಗೇ ಎಲ್ಲಕ್ಕಿಂತ ಅಗ್ಗವಾಗಿತ್ತು. ಅಗ್ಗವಾದದ್ದನ್ನೇ ಮೊದಲು ಕೊಳ್ಳಬೇಕು, ಇಷ್ಟಾನಿಷ್ಟ ನಡೆಯುವುದಿಲ್ಲ. ಒತ್ತಿದೆ. ಸಾಲು ಇಳಿಯಿತು. ಯಾರೋ ನನ್ನ ಬೆನ್ನು ತಟ್ಟಿದರು. ಇಳಿದದ್ದರಲ್ಲಿ ಮಾವನ ಪಾಲೆಷ್ಟೋ ಅಷ್ಟು ಬರೀ ಪೊಳ್ಳು ಎಂದು ನನಗೊಬ್ಬಳಿಗೆ ಗೊತ್ತಿತ್ತು.

ಮನೆಗೆ ಬಂದಾಗ ಮಾವ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ನೆನೆದು ಬಿಳಿಚಿಕೊಂಡ ಅಂಗೈಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ನನ್ನನ್ನು ಕಂಡು ತಲೆಯೆತ್ತಿದ.

“ಇವತ್ತು ನಿಲ್ಲಿಸಿದ್ದು ನೀನೇನಾ?”

“ನಾನೇ ಮಾವ.”

“ಈ ಸಲ ಲೆಕ್ಕಕ್ಕೆ ಬಂತಾ?”

“ಬಂತು.”

“ಕರೆಂಟು ಉಳೀತಾ?”

ಅತ್ತೆ ಒಲೆಯ ಮುಂದಿನಿಂದ ತಿರುಗಿ ನನ್ನನ್ನೇ ನೋಡಿದಳು.

“ಉಳೀತು ಮಾವ,” ಎಂದೆ.

ಅವನ ಮುಖ ಅರಳಿತು. ಎಷ್ಟೋ ತಿಂಗಳಿಂದ ಆ ಮುಖವನ್ನು ನಾವು ಕಂಡಿರಲಿಲ್ಲ. ಎಣ್ಣೆಯ ಬಟ್ಟಲನ್ನು ಪಕ್ಕಕ್ಕಿಟ್ಟು, ಹಾಗಾದರೆ ನಿನಗೆ ನಿಲ್ಲಿಸಲು ಇನ್ನಷ್ಟಿರಲಿ, ನಾಳೆ ಇನ್ನೂ ಒಂದು ಸಾಲು ಕ್ಯಾನು ಹೆಚ್ಚಿಗೆ ತೊಟ್ಟಿಗೆ ಇಳಿಸುತ್ತೇನೆ ಎಂದ.