ಹಸಿರು ತೋರಿಸಿದ ವರ್ಷ

ದೇಶದ ಭೂಬಳಕೆ ನೀತಿಯನ್ನು ಸರ್ಕಾರ ಮರುಪರಿಶೀಲಿಸುತ್ತದೆ ಎಂಬ ಸುದ್ದಿಯನ್ನು ನಾನು ಸೇಡಂ ಬಸ್ ನಿಲ್ದಾಣದಲ್ಲಿ ಚಹಾ ಕುಡಿಯುತ್ತ ಓದಿದ್ದೆ. ಓದಿ, ಪೇಪರು ಮಡಚಿ ಪಕ್ಕದವರಿಗೆ ಕೊಟ್ಟಿದ್ದೆ. ಅದು ದಂಡೋತಿಯ ನಮ್ಮ ಅಕ್ಕನ ಹೊಲದ ತನಕ ಬರುತ್ತದೆಂದು ಯಾರಿಗೆ ಗೊತ್ತಿತ್ತು?

ಅಕ್ಕನದು ಕಾಗಿಣಾ ದಂಡೆಯ ಕರಿಮಣ್ಣು. ಮಳೆಗಾಲದಲ್ಲಿ ನೀರು ನಿಲ್ಲುತ್ತದೆ, ಏನು ಬಿತ್ತಿದರೂ ಕೊಳೆಯುತ್ತದೆ. ಹಾಗಾಗಿ ಮಳೆ ಬಿಡುವು ಕೊಟ್ಟಾಗಲೆಲ್ಲ ಕುಂಟೆ ಹೊಡೆದು, ಕಳೆ ಏಳದಂತೆ ನೆಲ ಬರಿದಾಗಿಟ್ಟು, ಹಸಿ ಹಿಡಿಸಿ, ಮಳೆ ಹೋದ ಮೇಲೆ ಜೋಳ ಬಿತ್ತುತ್ತಾಳೆ. ಅವಳ ಮನೆಯ ರೊಟ್ಟಿ ವರ್ಷವಿಡೀ ಆ ಜೋಳದ್ದೇ. ಪರಿಶೀಲನೆಯವರು ಶ್ರಾವಣದಲ್ಲಿ ಬಂದರು, ಬರಿ ನೆಲ ಕಂಡರು, ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡು ಹೋದರು. ಕರಡು ನಕಾಶೆಯಲ್ಲಿ ಹೊಲ ‘ಪಾಳು’ ಆಯಿತು. ಪಾಳೆಂದು ಬರೆದ ನೆಲವನ್ನು ನಾಳೆ ಕಾರ್ಖಾನೆಗೆ ಕೊಟ್ಟರೂ ಕೇಳುವಂತಿಲ್ಲ ಎಂದು ಊರಲ್ಲಿ ಮಾತು.

“ತಮ್ಮಾ, ಇಷ್ಟು ಕುಂಟಿ ಹೊಡದ ಹೊಲಕ್ಕ ಪಾಳು ಅಂತಾರಂದ್ರ ಅವರಿಗಿ ಏನನ್ನಬೇಕು?” ಎಂದಳು ಅಕ್ಕ.

ಅವಳ ಪರವಾಗಿ ನಾನು ಕಚೇರಿ ಅಲೆದೆ. ಸೇಡಂನವರು ಚಿತ್ತಾಪುರಕ್ಕೆ ಹೋಗಿ ಎಂದರು, ಚಿತ್ತಾಪುರದವರು ಕಲಬುರಗಿಗೆ. ಕೊನೆಗೊಬ್ಬ ಸಾಹೇಬರಿಗೆ ನನ್ನ ಮುಖ ನೋಡಿ ಕನಿಕರ ಬಂತೇನೋ.

“ಬರೋ ಮಳೆಗಾಲದಾಗ ಮತ್ತ ನೋಡಾಕ ಬರ್ತಾರ್ರಿ. ಆವಾಗ ಹೊಲದಾಗ ಬೆಳಿ ಇದ್ರ ಸಾಕು.”

ಜೋಳ ನಿಂತಿರುವಾಗ ಬರಬಾರದೇ ಎಂದು ಕೇಳಿದೆ.

“ಅದು ನಮ್ಮ ಕೈಯಾಗಿಲ್ರಿ.”

ಸಿಟ್ಟು ಮಾಡುವ ತ್ರಾಣವೂ ನನ್ನಲ್ಲಿ ಉಳಿದಿರಲಿಲ್ಲ. ಬಂದ ಬಸ್ಸಿಗೆ ವಾಪಸಾದೆ.

ಮುಂದಿನ ಮಳೆಗೆ ಅಕ್ಕ ಹೆಸರುಕಾಳು ಬಿತ್ತಿದಳು. ತಿನ್ನಲಿಕ್ಕಲ್ಲ, ತೋರಿಸಲಿಕ್ಕೆ. ತಂಡ ಬಂದಾಗ ಬೆಳೆ ಗೇಣುದ್ದ ಇತ್ತು, ಬುಡದಲ್ಲಿ ನೀರು ನಿಂತಿತ್ತು. ಬಂದವರಲ್ಲಿ ಹಿರಿಯರೊಬ್ಬರು ಬೂಟು ಕೆಸರಾಗದಂತೆ ದಾರಿಯ ಮೇಲೆಯೇ ನಿಂತು ಫೋಟೊ ತೆಗೆದರು.

“ಭಾಳ ಚಲೋ ಅದ ನೋಡ್ರಿ ಅಮ್ಮಾ. ವರ್ಷಾ ಹಿಂಗೇ ಇಡ್ರಿ, ನಾವು ನೋಡಾಕ ಬರ್ತಿರ್ತೀವಿ.”

ನಕಾಶೆಯಿಂದ ‘ಪಾಳು’ ಹೋಯಿತು. ಅವರ ಬೆನ್ನಿಗೇ ಹೆಸರೂ ಕೊಳೆತುಹೋಯಿತು. ಬೆಳೆ ಇದ್ದ ಕಾರಣ ಕುಂಟೆ ಹೊಡೆಯಲಾಗಿರಲಿಲ್ಲ, ಕಳೆ ಮೊಣಕಾಲುದ್ದ ಎದ್ದಿತ್ತು. ಅದನ್ನು ಕಿತ್ತು ಮುಗಿಸುವಷ್ಟರಲ್ಲಿ ಹದ ತಪ್ಪಿತು. ತಡವಾಗಿ ಬಿತ್ತಿದ ಜೋಳ ತೆನೆ ಕಟ್ಟಲೇ ಇಲ್ಲ.

ಮೊನ್ನೆ ಹೋದಾಗ ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಅಂಗಡಿಯಿಂದ ತಂದ ಜೋಳದ ಹಿಟ್ಟು, ಅಂಚೆಲ್ಲ ಬಿರಿಯುತ್ತಿತ್ತು. ಕೊಂಡ ಜೋಳದ ರೊಟ್ಟಿಯನ್ನು ಅವಳು ಇಷ್ಟು ವಯಸ್ಸಿನಲ್ಲಿ ನನ್ನ ತಟ್ಟೆಗೆ ಹಾಕಿದ್ದು ಅದೇ ಮೊದಲು. ನನಗೆ ನಾಚಿಕೆಯಾಯಿತು, ಯಾಕೆಂದು ಗೊತ್ತಿಲ್ಲ.

“ಹೊಲ ಉಳೀತಲ್ಲಕ್ಕಾ,” ಎಂದೆ, ರೊಟ್ಟಿ ಮುರಿಯುತ್ತ.

“ಉಳೀತು,” ಎಂದಳು. “ಬರೋ ಮಳಿಗೂ ನೋಡಾಕ ಬರ್ತಾರಂತ. ಹೊಲ ಉಳಿಸ್ಕೊಳ್ಳಲೋ, ಜ್ವಾಳ ಉಣ್ಣಲೋ, ನೀನೇ ಹೇಳು ತಮ್ಮಾ.”