ಅತ್ತೆ ಬಿಚ್ಚಿಸಿದ ಲ್ಯಾಪ್‌ಟಾಪು

ನಮ್ಮ ಅತ್ತೆಯ ಎಡ ಅಂಗೈ ಬಲ ಅಂಗೈಗಿಂತ ಬೆಳ್ಳಗಿತ್ತು. ದಿನಾ ಬೆಳಗಿನ ಜಾವ ಆ ಕೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕೂತು ಕೂತು, ವಿಭೂತಿ ಅಂಗೈಯ ಗೆರೆಗಳ ಒಳಗೇ ಇಳಿದುಬಿಟ್ಟಿತ್ತು. ರೊಟ್ಟಿ ಬಡಿದರೂ, ಭಾಂಡೆ ತಿಕ್ಕಿದರೂ ಹೋಗುತ್ತಿರಲಿಲ್ಲ. ಬಲಗೈಯದು ಬೇರೆಯೇ ಕಥೆ. ಅದರ ಉಗುರುಗಳ ಬದಿಗೆ ಯಾವಾಗಲೂ ಕಪ್ಪು ಎಣ್ಣೆ. ಮನೆಯಲ್ಲಿ ಮಿಕ್ಸರ್ ಕೆಡಲಿ, ಹೊಲಿಗೆ ಯಂತ್ರ ಕೆಡಲಿ, ಆ ಕೈ ಸ್ಕ್ರೂಡ್ರೈವರ್ ಹುಡುಕಿಕೊಂಡು ಹೊರಡುತ್ತಿತ್ತು. “ಮೊದಲ ಬುಡಾ ತಗಿ, ಆಮ್ಯಾಲ ಮಾತಾಡೂಣು” ಎನ್ನುವುದು ಅವರು ದಿನಕ್ಕೊಮ್ಮೆಯಾದರೂ ಆಡುತ್ತಿದ್ದ ಮಾತು.

ಬಿಚ್ಚಿದ್ದೆಲ್ಲ ಸರಿಹೋಗುತ್ತಿತ್ತು ಎಂದೇನೂ ಅಲ್ಲ. ನಾನು ಮದುವೆಯಾಗಿ ಮೂಡಲಗಿಗೆ ಬಂದ ಹೊಸದರಲ್ಲಿ ನಡುಮನೆಯ ಗಡಿಯಾರ ನಿಂತಿತ್ತು. ಅತ್ತೆ ಅದನ್ನು ಬಿಚ್ಚಿ, ಒಳಗಿನ ಒಂದು ತಗಡನ್ನು ತಿರುಗಾಮುರುಗಾ ಕೂಡಿಸಿ, ಮುಚ್ಚಿ ಗೋಡೆಗೆ ಹಾಕಿದರು. ಗಡಿಯಾರ ಹಿಂದಕ್ಕೆ ನಡೆಯತೊಡಗಿತು. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರೆ, ಅವರ ಮುಖದ ಒಂದು ಗೆರೆಯೂ ಅಲುಗಲಿಲ್ಲ. “ನಿಂತಿತ್ತು, ಈಗ ನಡ್ಯಾಕತ್ತೈತಿ. ಯಾ ಕಡಿ ನಡೀಬೇಕು ಅನ್ನೂದನ್ನ ನಾಳಿ ಹೇಳಿಕೊಡೂಣು” ಎಂದರು. ಮರುದಿನ ಹೇಳಿಕೊಟ್ಟರು ಕೂಡ.

ಅವರ ತವರು ದಡ್ಡಿ ಎಂಬ ಊರು, ನನ್ನದು ಕಣಗಲಾ. ಇಬ್ಬರೂ ಹುಕ್ಕೇರಿ ತಾಲ್ಲೂಕಿನಿಂದ ಮೂಡಲಗಿಯ ಒಂದೇ ಮನೆಗೆ ಬಂದವರು. “ಹುಕ್ಕೇರಿ ಕಡೆ ಹೆಣ್ಮಕ್ಕಳ ತಲಿ ಗಟ್ಟಿ” ಎಂದು ಅತ್ತೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಆ ಮಾತು ಖರೆ. ಒಂದೇ ಮನೆಯಲ್ಲಿ ಎರಡು ಗಟ್ಟಿ ತಲೆಗಳಿದ್ದರೆ ಏನಾಗುತ್ತದೆ ಎನ್ನುವುದನ್ನು ನಮ್ಮ ಯಜಮಾನರನ್ನು ಕೇಳಬೇಕು.

ನಾನು ಡಿ.ಇಡಿ. ಮುಗಿಸಿದವಳು. ಶಿಕ್ಷಕಿಯಾಗಬೇಕು ಎನ್ನುವುದೊಂದೇ ಆಸೆ ಇತ್ತು. ನೌಕರಿ ಸಿಗಲಿಲ್ಲ, ಮದುವೆಯಾಯಿತು, ಮಗಳು ಹುಟ್ಟಿದಳು, ಆಸೆ ಹಾಗೇ ಉಳಿಯಿತು. ಅಂಥ ಹೊತ್ತಿನಲ್ಲಿ ಧಾರವಾಡದ ಒಂದು ಸಂಸ್ಥೆಯವರು ಕಣ್ಣು ಕಾಣದ ಮಕ್ಕಳಿಗಾಗಿ ಶಾಲೆಯ ಪಾಠಗಳನ್ನು ಓದಿ ಧ್ವನಿಮುದ್ರಿಸಿ ಕೊಡುವವರನ್ನು ಹುಡುಕುತ್ತಿದ್ದಾರೆಂದು ಗೊತ್ತಾಯಿತು. ಮನೆಯಲ್ಲೇ ಕೂತು ಮಾಡಬಹುದಾದ ಕೆಲಸ. ಪಾಠ ಪರದೆಯ ಮೇಲೆ ಬರುತ್ತದೆ, ಮೈಕು ಹಚ್ಚಿಕೊಂಡು ಓದಬೇಕು, ಅವರದೇ ತಂತ್ರಾಂಶದಲ್ಲಿ ಕಳಿಸಬೇಕು. ಆದ್ದರಿಂದ ಲ್ಯಾಪ್‌ಟಾಪು ಎದುರಿಗೇ ಇರಲೇಬೇಕು. ಗೋಕಾಕದಿಂದ ತಂದ ಒಂದು ಸಣ್ಣ ಹಳೆಯ ಲ್ಯಾಪ್‌ಟಾಪು ನನ್ನ ಹತ್ತಿರ ಇತ್ತು. ಸಾಲಿಯ ಪಾಟಿಗಿಂತ ತುಸು ದೊಡ್ಡದು, ಅಷ್ಟೇ. ಕೈಯಿಟ್ಟರೆ ಹಂಚಿನ ಹಾಗೆ ಸುಡುತ್ತಿತ್ತು, ಹಚ್ಚಿದ ಐದು ನಿಮಿಷಕ್ಕೆ ಅದರ ಫ್ಯಾನು ಭರ್ರ್ ಎಂದು ಅರಚತೊಡಗುತ್ತಿತ್ತು.

ಓದಲಿಕ್ಕೆ ನಮ್ಮ ಮನೆಯಲ್ಲಿ ಸಿಗುವುದು ಬೆಳಗಿನ ಜಾವದ ಒಂದು ತಾಸು ಮಾತ್ರ. ಬಾಜೂ ಮನೆಯವರದು ಹಿಟ್ಟಿನ ಗಿರಣಿ. ಅದು ಶುರುವಾದರೆ ಮುಗಿಯಿತು, ಆಮೇಲೆ ರಸ್ತೆಯಲ್ಲಿ ಹಾಡು ಹಚ್ಚಿಕೊಂಡ ಕಬ್ಬಿನ ಟ್ರ್ಯಾಕ್ಟರುಗಳು. ದೇವರ ಕೋಣೆಯೊಂದೇ ಮಣ್ಣಿನ ದಪ್ಪ ಗೋಡೆಯದು, ಜೋಳದ ಚೀಲಗಳೂ ಅಲ್ಲೇ ಇರುವುದರಿಂದ ದನಿ ಮಾರ್ದನಿಸುವುದಿಲ್ಲ. ಆದರೆ ಅದೇ ತಾಸು, ಅದೇ ಕೋಣೆ, ಅತ್ತೆಯ ಲಿಂಗಪೂಜೆಯದು. ಅವರು ಆ ತಾಸನ್ನು ಯಾರಿಗೂ ಬಿಟ್ಟುಕೊಟ್ಟವರಲ್ಲ. ಮಾವ ಬದುಕಿದ್ದಾಗ ಚಹಾ ಕೇಳಿದರೂ ಕಣ್ಣು ತೆರೆಯುತ್ತಿರಲಿಲ್ಲವಂತೆ.

ಮೊದಲ ದಿನ ನಾನು ಮೂಲೆಯಲ್ಲಿ ಕೂತು ಪರೀಕ್ಷೆಯ ಪಾಠ ಓದಿದೆ. ಪೂಜೆ ಮುಗಿಸಿ ಅತ್ತೆ ನನ್ನ ಕಡೆ ತಿರುಗಿದರು.

“ಏ ಹುಡುಗಿ, ನಿನ್ನ ಮಷಿನ್ನು ಏನು ಕಬ್ಬು ಅರ್ಯಾಕತ್ತೈತೇನು?”

“ನಾ ಎಲ್ಲೆ ಹೋಗ್ಲಿ ರಿ ಅತ್ತಿ? ಹೊರಗ ಗಿರಣಿ, ಒಳಗ ನೀವು!” ಎಂದು ನಾನೂ ಸಿಡುಕಿದೆ.

“ನೀ ಎಲ್ಲೀಗೂ ಹೋಗಬ್ಯಾಡ. ನೀ ಓದೂದು ನನಗ ತ್ರಾಸ ಇಲ್ಲ, ಅದು ಮನಶ್ಯಾರ ದನಿ. ಆ ಭರ್ರ್ ಅನ್ನೂದು ನಿಲ್ಲಬೇಕು ನೋಡು.”

ಆ ವಾರದ ಶುಕ್ರವಾರ ಧಾರವಾಡದ ಸಂಸ್ಥೆಯ ಸರ್ ಫೋನು ಮಾಡಿ ಹೇಳಿದ್ದೂ ಇದೇ ಮಾತು. “ದನಿ ಚಂದ ಐತ್ರಿ ಮೇಡಂ. ಆದ್ರ ಹಿಂದ ಫ್ಯಾನ್ ಕೇಳತೈತಿ. ನಮ್ಮ ಮಕ್ಕಳಿಗೆ ಇರೂದ ಕಿವಿ. ಸೋಮವಾರದೊಳಗ ಸ್ವಚ್ಛ ಓದಿ ಕಳಸ್ರಿ. ಇಲ್ಲಾಂದ್ರ ಬ್ಯಾರೇದವ್ರಿಗೆ ಕೊಡಬೇಕಾಗತೈತಿ.”

ಮರುದಿನ ಮುಂಜಾನೆಯೇ ಗೋಕಾಕಕ್ಕೆ ಓಡಿದೆ, ಅತ್ತೆಯೂ ಬೆನ್ನು ಹತ್ತಿದರು. ಅಂಗಡಿಯ ಹುಡುಗ ಲ್ಯಾಪ್‌ಟಾಪನ್ನು ಕಿವಿಗೆ ಹಿಡಿದು, “ಅಕ್ಕಾರ, ಸಣ್ಣ ಲ್ಯಾಪ್‌ಟಾಪ್ ಅಂದ್ರ ಹಿಂಗ ರಿ. ಹೊಸಾದು ತಗೋರಿ” ಎಂದ. ಅತ್ತೆ ಸೆರಗು ಸರಿಪಡಿಸಿಕೊಂಡು, “ಒಳಗ ಏನೈತಿ ಅಂತ ನೋಡೀಯೇನಪಾ?” ಎಂದು ಕೇಳಿದರು. ಅವನು ನೋಡಿರಲಿಲ್ಲ. “ಹಂಗಾರ ನಡಿಯವ್ವಾ, ನಾವ ನೋಡೂಣು” ಎಂದು ಎದ್ದೇಬಿಟ್ಟರು. ನಾನು ವಿಡಿಯೋಗಳಲ್ಲಿ ನೋಡಿ ತಿಳಿದಿದ್ದ ಎರಡು ಸಾಮಾನು ಅವನ ಹತ್ತಿರವೇ ಕೊಂಡೆ: ಯಂತ್ರದ ಒಳಗೆ ಕಾಯುವ ಮುಖ್ಯ ಚಿಪ್ಪಿನ ಮೇಲೆ ಹಚ್ಚುವ ಪೇಸ್ಟು, ಮತ್ತು ಶಾಖ ದಾಟಿಸುವ ಬೂದು ಬಣ್ಣದ ಮೆತ್ತನೆ ಪಟ್ಟಿ.

ಮಧ್ಯಾಹ್ನ ಅಂಗಳದಲ್ಲಿ ಚಾಪೆ ಹಾಸಿ ಕೂತೆವು. ಯಜಮಾನರು ಊಟಕ್ಕೆ ಬಂದವರು ನಮ್ಮಿಬ್ಬರ ನಡುವೆ ಅಂಗಾತ ಬಿದ್ದಿದ್ದ ಯಂತ್ರವನ್ನು ನೋಡಿ, “ಯವ್ವಾ, ಅದು ಗಡಿಯಾರಲ್ಲ ನೋಡು ಮತ್ತ” ಎಂದರು. “ನೀ ಉಣ್ಣು” ಎಂದರು ಅತ್ತೆ.

ಬುಡದ ತಗಡು ಏಳುತ್ತಲೇ ಇಬ್ಬರೂ ಒಳಗೆ ಬಗ್ಗಿ ನೋಡಿದೆವು. ಬಿಸಿ ಗಾಳಿ ಹೊರಹೋಗುವ ಜಾಗದಲ್ಲಿ ಬಾಚಣಿಗೆಯ ಹಲ್ಲಿನಂಥ ಸಣ್ಣ ತಗಡುಗಳ ಸಾಲು ಇರುತ್ತದೆ. ಆ ಸಾಲು ಕಾಣುತ್ತಲೇ ಇರಲಿಲ್ಲ. ಬೆಳ್ಳನೆಯದೇನೋ ದಪ್ಪಗೆ ಮೆತ್ತಿಕೊಂಡಿತ್ತು. ಅತ್ತೆ ಬೆರಳಲ್ಲಿ ತೆಗೆದು ಮೂಸಿದರು.

“ಅಯ್ಯ ಶಿವನ! ವಿಭೂತಿ! ನಿನ್ನ ಡಬ್ಬಿ ನನಗಿಂತ ಜಾಸ್ತಿ ಹಚ್ಚಿಕೊಂಡೈತಲ್ಲ!”

ಅವರು ಒಣ ವಿಭೂತಿಯನ್ನು ಹಣೆಗೆ, ತೋಳಿಗೆ ತೀಡಿಕೊಂಡು, ಕೊನೆಗೆ ಎರಡೂ ಕೈ ಕೊಡವುವ ರೂಢಿ. ಅದೇ ಕೋಣೆಯಲ್ಲಿ ಈ ಲ್ಯಾಪ್‌ಟಾಪನ್ನು ನಾನು ತಿಂಗಳುಗಟ್ಟಲೆ ಚಾರ್ಜಿಗೆ ಹಚ್ಚಿ ಇಟ್ಟಿದ್ದೆ. ನನಗೆ ನಗು, ಸಿಟ್ಟು ಎರಡೂ ಒಟ್ಟಿಗೇ ಬಂದವು.

“ತಪ್ಪು ನಿಮ್ಮದ ರಿ ಅತ್ತಿ.”

“ನಂದು ಹೆಂಗ? ನಾ ಕೈ ಕೊಡವಿದೆ. ಜಗ್ಗಿ ಒಳಗ ಹಾಕ್ಕೋ ಅಂತ ಅದಕ್ಕ ಯಾರು ಹೇಳ್ಯಾರ?”

ಬಣ್ಣದ ಬ್ರಶ್ಶಿನಿಂದ ಅದನ್ನೆಲ್ಲ ತೆಗೆದೆವು. ಒಣಗಿ ಗಟ್ಟಿಯಾಗಿದ್ದ ಹಳೆಯ ಪೇಸ್ಟು ಒರೆಸಿ ಹೊಸದನ್ನು ಹಚ್ಚಿದೆ. ಯಂತ್ರ ಚಾಲೂ ಮಾಡಿ ನೋಡಿದರೆ ಸದ್ದು ಅರ್ಧಕ್ಕರ್ಧ ಇಳಿದಿತ್ತು. ಅರ್ಧ ಇಳಿದರೆ ಸಾಲದು, ನನಗೆ ಬೇಕಿದ್ದುದು ಪೂರಾ ಮೌನ. ಅತ್ತೆ ಬುಡದ ತಗಡನ್ನು ಬಿಸಿಲಿಗೆ ಹಿಡಿದು ನೋಡಿದರು. ಫ್ಯಾನಿನ ನೇರಕ್ಕೆ ನಾಲ್ಕೈದು ಸಣ್ಣ ಸಂದು ಬಿಟ್ಟರೆ ಗಾಳಿಗೆ ದಾರಿಯೇ ಇರಲಿಲ್ಲ. “ಇಷ್ಟ ಸಂದ್ಯಾಗ ಉಸುರು ತಗೋ ಅಂದ್ರ ಒದರದ ಏನ್ ಮಾಡೀತು ಪಾಪ” ಎಂದು ಒಳಗೆ ಹೋಗಿ, ಸುಣ್ಣದ ಕಡ್ಡಿ ತಂದು, ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ ಸಾಲಾಗಿ ಚುಕ್ಕಿ ಇಟ್ಟರು. ಬಾಜೂ ಮನೆಯ ಕೈ ಡ್ರಿಲ್ಲು ತಂದು ನಾನು ಒಂದೊಂದೇ ತೂತು ಕೊರೆದೆ. ಒಂದೂ ಸೊಟ್ಟಾಗಲಿಲ್ಲ.

ತೂತಿನಿಂದ ಧೂಳು ಹೋಗಬಾರದಲ್ಲ, ಅದಕ್ಕೆ ಅತ್ತೆ ಹಿಟ್ಟು ಸಾಣಿಸುವ ಸಾಣಿಗೆಯ ತಂತಿ ಜಾಳಿಗೆಯನ್ನೇ ಕತ್ತರಿಸಲು ಹೊರಟರು. “ಅದು ತಂತೀದು ರಿ! ಬೋರ್ಡಿಗೆ ತಾಕಿತು ಅಂದ್ರ ಸುಟ್ಟ ಹೋಗತೈತಿ” ಎಂದು ನಾನು ಕಸಿದುಕೊಂಡೆ. ಕೊನೆಗೆ ಹರಿದ ಸೊಳ್ಳೆ ಪರದೆಯ ತುಂಡೊಂದನ್ನು ಒಳಗಿನಿಂದ ಅಂಟಿಸಿದೆವು. ಯಂತ್ರ ಅತಿ ವೇಗಕ್ಕೆ ಏರದ ಹಾಗೆ ಸೆಟ್ಟಿಂಗಿನಲ್ಲಿ ಮಿತಿ ಹಾಕಿದೆ. ಅದನ್ನು ವಿವರಿಸಿದಾಗ ಅತ್ತೆ, “ಹೌದಲ್ಲ ಮತ್ತ, ಓದಾಕ ಓಡೂದು ಯಾಕ?” ಎಂದರು. ಉಳಿದದ್ದು ಆ ಮೆತ್ತನೆ ಪಟ್ಟಿ. ಒಳಗಿನ ತಾಮ್ರದ ಕೊಳವೆಗೂ ಬುಡದ ತಗಡಿಗೂ ನಡುವೆ ಅದನ್ನಿಟ್ಟರೆ ಶಾಖ ತಗಡಿಗೆ ಇಳಿದು ಫ್ಯಾನಿನ ಭಾರ ಕಡಿಮೆಯಾಗುತ್ತದೆ. ನಾನು ಒಂದೇ ಪದರು ಇಡಬೇಕೆಂದೆ. ಅತ್ತೆ, ಎರಡು ಇಟ್ಟರೆ ಎರಡರಷ್ಟು ತಂಪು ಎಂದರು. ಅಷ್ಟು ಹೊತ್ತಿಗೆ ನನಗೂ ಸಾಕಾಗಿತ್ತು, ಎರಡೇ ಇಟ್ಟೆವು.

ರವಿವಾರ ಬೆಳಗಿನ ಜಾವ ಓದಲು ಕೂತೆ. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಪರದೆ ಕಪ್ಪಾಯಿತು. ಮತ್ತೆ ಹಚ್ಚಿದೆ, ಮತ್ತೆ ಆರಿತು. ನನಗೆ ಅಳು ತಡೆಯಲಾಗಲಿಲ್ಲ. ಅತ್ತೆಯ ಪೂಜೆ ನಡೆದಿತ್ತು ಎನ್ನುವುದೂ ನೆನಪಾಗಲಿಲ್ಲ. “ನಿಮ್ಮ ಮಾತು ಕೇಳಿ ಕೆಟ್ಟೆ ರಿ! ನಾ ಟೀಚರ್ ಆಗೂದು ನನ್ನ ಹಣ್ಯಾಗ ಬರದಿಲ್ಲ!” ಎಂದು ಜೋರಾಗಿ ಅತ್ತುಬಿಟ್ಟೆ.

ಅತ್ತೆ ಲಿಂಗವನ್ನು ಕರಡಿಗೆಯಲ್ಲಿಟ್ಟು, ಎದ್ದು ಬಂದರು. ಪೂಜೆಯ ನಡುವೆ ಅವರು ಎದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

“ಅಳೂದು ಆಮ್ಯಾಲ. ಮೊದಲ ಬುಡಾ ತಗಿ.”

ಮೂಗು ಒರೆಸಿಕೊಳ್ಳುತ್ತ ಬಿಚ್ಚಿದೆ. ಎರಡು ಪದರಿನ ಪಟ್ಟಿ ಕೊಳವೆಯನ್ನು ಒಂದು ಬದಿಗೆ ಒತ್ತಿದ್ದರಿಂದ, ಚಿಪ್ಪಿನ ಮೇಲೆ ಕೂರಬೇಕಾದ ತಗಡು ಇನ್ನೊಂದು ಬದಿಗೆ ಎದ್ದುನಿಂತಿತ್ತು. ಶಾಖ ಹೋಗಲು ದಾರಿಯಿಲ್ಲದೆ ಯಂತ್ರ ತಾನಾಗಿಯೇ ಆರುತ್ತಿತ್ತು, ಅಷ್ಟೇ, ಏನೂ ಸುಟ್ಟಿರಲಿಲ್ಲ. ತೋರಿಸಿದೆ. ಅತ್ತೆ ಬಗ್ಗಿ ನೋಡಿ, “ಹಂಗಾರ ಒಂದು ತಗದ ಒಗಿ. ಎರಡು ಅಂದಾಕಿ ನಾನ, ತಪ್ಪು ನಂದ. ನೀ ಒಂದ ಅಂದಿದ್ದಿ” ಎಂದರು. ನಂತರ ನನ್ನ ಗದ್ದ ಹಿಡಿದು, “ಹಣ್ಯಾಗ ಬರದಿಲ್ಲ ಅಂತ ಇನ್ನೊಮ್ಮಿ ಅಂದ್ರ ನೋಡು” ಎಂದು ಗದರಿಸಿದರು. ಆ ಗದರಿಕೆಯಿಂದ ನನಗೆ ಎಷ್ಟು ಧೈರ್ಯ ಬಂತೆಂದು ಹೇಳಲಾರೆ.

ಸೋಮವಾರ ಬೆಳಗಿನ ಜಾವ ಯಂತ್ರ ಹಚ್ಚಿದೆ. ಅತ್ತೆ ಒಂದು ಕಣ್ಣು ತೆರೆದು, “ಹಚ್ಚೀಯೇನ?” ಎಂದರು.

“ಹಚ್ಚೇನ್ರಿ.”

“ಖರೆ?”

ಖರೆಯಾಗಿಯೂ ಏನೂ ಕೇಳುತ್ತಿರಲಿಲ್ಲ. ಫ್ಯಾನು ತಿರುಗುತ್ತಿದೆಯೆಂದು ತಿಳಿಯಲು ಅಂಗೈ ಇಟ್ಟು ನೋಡಬೇಕಾಗಿತ್ತು. ನದಿಗಳ ಪಾಠ ಓದಿ ಮುಗಿಸಿ, ಗೆದ್ದೆನೆಂದು ತಿರುಗಿದರೆ, ಪೂಜೆ ಮುಗಿಸಿದ್ದ ಅತ್ತೆ ತಲೆ ಅಲ್ಲಾಡಿಸಿದರು. “ಹೊಳಿ ಹೊಳಿ ಅಂದಿ, ಎಲ್ಲೀನೂ ನೀರು ಕಾಣಲಿಲ್ಲ. ನಾ ದಡ್ಡಿ ಹೊಳಿ ದಂಡಿಮ್ಯಾಗ ಬೆಳದಾಕಿ. ಕಣ್ಣಿಲ್ಲದ ಕೂಸಿಗೆ ನೀರು ತೋರಸಬೇಕೋ ಬ್ಯಾಡೋ? ಗ್ವಾಡಿಗೆ ಓದಬ್ಯಾಡ, ಇಲ್ಲೆ ನನಗ ಓದು.” ಗಿರಣಿ ಶುರುವಾಗುವುದರೊಳಗೆ ಇನ್ನೊಮ್ಮೆ, ನಿಧಾನವಾಗಿ, ಅವರಿಗೆ ಓದಿದೆ. ಅದನ್ನೇ ಕಳಿಸಿದೆ. ಸಂಜೆಯೊಳಗೆ ಫೋನು ಬಂತು, ಕೆಲಸ ನನ್ನದಾಯಿತು.

ಅಂದಿನಿಂದ ಪ್ರತಿ ಪಾಠವನ್ನೂ, ಅವರ ಪೂಜೆ ಮುಗಿದೊಡನೆ, ನಾನು ಅವರಿಗೇ ಓದಿದ್ದು. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟಿದ್ದ ಅತ್ತೆ, ನನ್ನ ಜೊತೆ ಕೂತು ಹತ್ತನೆಯದರವರೆಗೂ ಪಾಠ ಕೇಳಿದರು. ಒಂದೊಂದು ಭಾಗ ಮುಗಿದಾಗಲೂ “ಹೂಂ, ಮುಂದ?” ಎನ್ನುವರು. “ಸುಮ್ಮ ಕುಂಡ್ರಿ ರಿ, ಮೈಕಿನ್ಯಾಗ ಬರತೈತಿ” ಎಂದು ನಾನು ಎಷ್ಟು ಹೇಳಿದರೂ ಬಿಡಲಿಲ್ಲ. ಆ “ಹೂಂ”ಗಳನ್ನೆಲ್ಲ ಆಮೇಲೆ ಕೂತು ಕತ್ತರಿಸುವುದೇ ನನಗೊಂದು ಕೆಲಸವಾಗಿತ್ತು.

ವರುಷ ಕಳೆದ ಮೇಲೆ ಸ್ವಚ್ಛ ಮಾಡಲೆಂದು ಬುಡ ಬಿಚ್ಚಿದೆ. ಒಳಗೆ ತುಸು ಹತ್ತಿಯ ಧೂಳು ಬಿಟ್ಟರೆ ಬೂದಿಯ ಸುಳಿವೇ ಇರಲಿಲ್ಲ. ಸೊಳ್ಳೆ ಪರದೆ ಅಷ್ಟು ಸಣ್ಣ ಬೂದಿಯನ್ನು ತಡೆಯಲಾರದು ಎಂದು ನನಗೆ ಗೊತ್ತಿತ್ತು. ಮರುದಿನ ಬೆಳಿಗ್ಗೆ ಗಮನಿಸಿದೆ: ಅತ್ತೆ ಬಟ್ಟಲಲ್ಲಿ ನೀರಿಟ್ಟುಕೊಂಡು, ವಿಭೂತಿಯನ್ನು ಕಲಸಿ ಹಸಿಯಾಗಿ ಹಚ್ಚಿಕೊಳ್ಳುತ್ತಿದ್ದರು. ಯಾರ ಸಲುವಾಗಿಯೂ ಪೂಜೆಯಲ್ಲಿ ಒಂದು ಕಡ್ಡಿ ಅತ್ತಿತ್ತ ಮಾಡದ ಹೆಂಗಸು!

“ಯಾಕ್ರಿ ಅತ್ತಿ, ಒಣಾದು ಬಿಟ್ರಿ?”

“ಲಿಂಗಕ್ಕ ಒಣಾ ಆದ್ರೇನು, ಹಸಿ ಆದ್ರೇನು? ನಿನ್ನ ಡಬ್ಬೀಗೆ ಉಸುರು ಕಟ್ಟತೈತಿ.”

ಅಷ್ಟು ಹೇಳಿ ಕೈ ತೊಳೆಯಲು ಎದ್ದು ಹೋದರು. ನಾನು ಮುಖ ತಿರುಗಿಸಿ ಕೂತೆ. ನನ್ನ ಅವ್ವನೂ ನನಗಾಗಿ ಇಷ್ಟು ಮಾಡಿರಲಿಲ್ಲ ಎಂದು ಅನಿಸಿತ್ತು.

ಹೋದ ಚಳಿಗಾಲದಲ್ಲಿ ಅತ್ತೆ ಲಿಂಗೈಕ್ಯರಾದರು. ಹೆಚ್ಚು ನರಳಲಿಲ್ಲ. ಹಾಸಿಗೆ ಹಿಡಿದ ಆ ಕೆಲವೇ ದಿನಗಳಲ್ಲೂ ಪಾಠ ನಿಲ್ಲಿಸಲು ಬಿಡಲಿಲ್ಲ. ಬೀಗರು, ನೆಂಟರು ಎಲ್ಲ ಹೋಗಿ ಮನೆ ಖಾಲಿಯಾದ ಮೇಲೆ ಒಂದು ಬೆಳಗಿನ ಜಾವ ನಾನು ಮತ್ತೆ ಆ ಕೋಣೆಯಲ್ಲಿ ಯಂತ್ರ ಹಚ್ಚಿಕೊಂಡು ಕೂತೆ. ಮಳೆಗಾಲದ ಬಗೆಗಿನ ಪಾಠ. ಮೊದಲ ಭಾಗ ಓದಿ ಮುಗಿಸಿದೆ, ಎರಡನೆಯದೂ ಮುಗಿಯಿತು, ಮತ್ತು ಅಲ್ಲಿ ನನಗರಿವಿಲ್ಲದೆ, ಅತ್ತೆ ಕೂರುತ್ತಿದ್ದ ಕಡೆ ಕಿವಿಗೊಟ್ಟು ನಿಂತೆ. ಎಷ್ಟು ಹೊತ್ತು ನಿಂತೆನೋ. ಆಮೇಲೆ ಮುಂದಿನದನ್ನು ಓದಿದೆ. ಆ ಪಾಠವನ್ನು ಕತ್ತರಿಸಲು ಕೂರುವ ಮನಸ್ಸಾಗದೆ ಹಾಗೇ ಕಳಿಸಿದೆ.

ಧಾರವಾಡದ ಸರ್ ಫೋನು ಮಾಡಿದರು.

“ಮೇಡಂ, ನಡುವ ಒಂದು ಕಡೆ ಭಾಳೊತ್ತು ಸುಮ್ಮನ ಆಗೀರಿ. ಏನರ ಬಿಟ್ಟು ಹೋಗೇತೇನ್ರಿ? ಅಷ್ಟು ತಗದ ಹಾಕ್ಲೇನು?”

“ಅಲ್ಲೆ ಏನರ ಸಪ್ಪಳ ಐತೇನ್ರಿ ಸರ್? ಸ್ವಲ್ಪ ಕೇಳಿ ಹೇಳ್ರಿ.”

ಅವರು ಕೇಳಿದರು. ನಾನು ಫೋನು ಕಿವಿಗೊತ್ತಿಕೊಂಡು ಕಾದೆ.

“ಇಲ್ರಿ ಮೇಡಂ. ಏನೇನೂ ಇಲ್ಲ. ಭಾಳ ಸ್ವಚ್ಛ ಐತಿ.”

“ಹಂಗಾರ ಇರ್ಲಿ ಬಿಡ್ರಿ” ಎಂದೆ. “ಅದು ನಮ್ಮ ಅತ್ತೀದು.”